ಅಜ್ಜಿಯ ದಮ್ಮಯ್ಯ

ಬದಿಯಡ್ಕ, ಕಾಸರಗೋಡು ಜಿಲ್ಲೆ, ಕೇರಳ

ಪ್ರೀತಿಯ ತಂಗಿ,

ನಿನ್ನ ಕತೆ ಎರಡು ಸಲ ಓದಿದೆ. ವರಮಾನ ಸರ್ಟಿಫಿಕೇಟಿಗಾಗಿ ಅಜ್ಜಿ ವಿಲೇಜ್ ಆಫೀಸಿನ ಜಗಲಿಯಲ್ಲಿ ಮಧ್ಯಾಹ್ನದವರೆಗೆ ಕಾಯುವ ಭಾಗ ಚೆನ್ನಾಗಿ ಉಂಟು. ಕೊಡೆಯ ಹಿಡಿಗೆ ಕಟ್ಟಿದ ಅವಳ ಪ್ಲಾಸ್ಟಿಕ್ ತೊಟ್ಟೆ ಇನ್ನೂ ಕಣ್ಣ ಮುಂದಿದೆ. ಆದರೆ ಬಾಯಿ ತೆರೆದ ಕೂಡಲೇ "ವಿನಮ್ರವಾಗಿ ವಿನಂತಿಸಿಕೊಳ್ಳುತ್ತೇನೆ" ಅಂತಾಳಲ್ಲ ಮಾರಾಯ್ತಿ! ಅದು ಮದುವೆ ಕಾಗದದ ಭಾಷೆ. ನಮ್ಮ ಅಜ್ಜಿಯಂದಿರು "ನಿಮ್ಮ ದಮ್ಮಯ್ಯ, ಒಂದು ಸೀಲು ಹಾಕಿ ಕೊಡಿ" ಅಂತಾರೆ.

ದಮ್ಮಯ್ಯ ಅಂದರೆ ಸುಮ್ನೆ ಕಾಲಿಗೆ ಬೀಳುವ ಮಾತು ಅಂತ ನಾನೂ ತುಂಬ ವರ್ಷ ತಿಳಿದಿದ್ದೆ. ಬಿಡಿಸಿ ನೋಡು: ದಮ್ಮ, ಅಯ್ಯ. ವರ್ಣ ಬಣ್ಣ ಆದ ಹಾಗೆ ಧರ್ಮ ಜನರ ಬಾಯಲ್ಲಿ ಸವೆದು ದಮ್ಮ ಆಯಿತು. ಅದೂ "ನನ್ನ ದಮ್ಮಯ್ಯ" ಅಲ್ಲ, "ನಿಮ್ಮ ದಮ್ಮಯ್ಯ". ಬೇಡುತ್ತಲೇ ಅಜ್ಜಿ ಎದುರಿನವನಿಗೆ ಅವನ ಧರ್ಮವನ್ನು ನೆನಪಿಸುತ್ತಿದ್ದಾಳೆ, ಅಲ್ವಾ? ನಿನ್ನ ಕತೆಯ ಗುಮಾಸ್ತ ಅಲ್ಲಿ ಒಮ್ಮೆ ತಲೆ ಎತ್ತಬೇಕಿತ್ತು.

ಬಿನ್ನಹದ ಕತೆ ಬೇರೆ. ವಿಜ್ಞಾಪನ ಬಿನ್ನಪವಾಗಿ, ಹಳಗನ್ನಡದ ಪಾಲು ಹಾಲಾದ ಹಾಗೆ ಪಕಾರ ಹಕಾರವಾದ ಕಾಲಕ್ಕೆ ಬಿನ್ನಹ ಆಯಿತು. ವಚನಗಳಲ್ಲಿ, ದಾಸರ ಪದಗಳಲ್ಲಿ ಸಿಗುತ್ತದೆ. ದೇವರ ಮುಂದೆ ಸರಿ, ಕೌಂಟರಿನ ಮುಂದೆ ನಾಟಕ. ಅರಿಕೆ 'ಅರಿ'ಯಿಂದ ಬಂದದ್ದು, ಅದರಲ್ಲಿ ತಿಳಿಸುವುದು ಜಾಸ್ತಿ, ಬೇಡುವುದು ಕಮ್ಮಿ. 'ಅಂಗಲಾಚಿದಳು' ಅಂತ ಮಾತ್ರ ಬರೆಯಬೇಡ. ಪೇಪರಿನವರು ಅದನ್ನು ಪೂರ್ತಿ ಸವೆಸಿಬಿಟ್ಟಿದ್ದಾರೆ. ಕಿಟ್ಟೆಲ್ ನಿಘಂಟು ಒಂದು ಇಟ್ಟುಕೋ. 1894ರಲ್ಲಿ ನಮ್ಮ ಪಕ್ಕದ ಮಂಗಳೂರಿನಲ್ಲೇ ಅಚ್ಚಾದದ್ದು.

ಇನ್ನೊಂದು ಪದ ನಿನ್ನ ಕೈಯಲ್ಲೇ ಇತ್ತು, ಬಿಟ್ಟುಬಿಟ್ಟೆ. ಇಲ್ಲಿಯ ಫಾರಮ್ಮುಗಳ ಮೇಲೆ ಮಲಯಾಳದಲ್ಲಿ 'ಅಪೇಕ್ಷ' ಅಂತ ಇರುತ್ತದಲ್ಲ, ಅದು. ಅವರಿಗೆ ಅದು ಅರ್ಜಿ. ನಮಗೆ ಅಪೇಕ್ಷೆ ಅಂದರೆ ಆಸೆ. ಒಮ್ಮೆ ಒಂದು ಕಚೇರಿಯಲ್ಲಿ ನನ್ನ ಅಪ್ಪನನ್ನು "ಅಪೇಕ್ಷ ಎವಿಡೆ?" ಅಂತ ಕೇಳಿದರು. ಅರ್ಜಿ ಎಲ್ಲಿ ಅಂತ ಕೇಳಿದ್ದು. ಅಪ್ಪ ಕೈಮುಗಿದು, "ನನಗೆ ಎಂಥ ಅಪೇಕ್ಷೆಯೂ ಇಲ್ಲ, ಒಂದು ಸರ್ಟಿಫಿಕೇಟು ಸಾಕು" ಅಂದರು. ಕೇಳಿದವರು ಊಟಕ್ಕೆ ಎದ್ದು ಹೋದರು. ಅಪ್ಪ ಸಾಯುವವರೆಗೂ ಅವರಿಗೆ ಯಾಕೆ ಸಿಟ್ಟು ಬಂತು ಅಂತ ಕೇಳುತ್ತಿದ್ದರು.

ಅಜ್ಜಿಯ ಆ ಸಾಲು ತಿದ್ದಿ ಕಳಿಸು. ತೊಟ್ಟೆಯನ್ನು ಮಾತ್ರ ಮುಟ್ಟಬೇಡ.

ಇತಿ,
ಅಣ್ಣ