ಯಾರೂ ತೊಡದ ಟಿಎಲ್‌ಡಿ ಬ್ಯಾಡ್ಜಿಗೂ ಡೋಸ್: ಬ್ಯಾಡ್ಜ್ ಸೇವಾ ಪ್ರಯೋಗಾಲಯಕ್ಕೆ ದೂರು

ಇಂದ: ವಿಕಿರಣ ಸುರಕ್ಷತಾ ಅಧಿಕಾರಿ ಮತ್ತು ರೇಡಿಯಾಲಜಿ ತಂತ್ರಜ್ಞರು, ದಾವಣಗೆರೆ
ಇವರಿಗೆ: ವ್ಯವಸ್ಥಾಪಕರು, ಟಿಎಲ್‌ಡಿ ಬ್ಯಾಡ್ಜ್ ಸೇವಾ ಪ್ರಯೋಗಾಲಯ

ವಿಷಯ: ಜನವರಿ–ಮಾರ್ಚ್ ಅವಧಿಯ ಡೋಸ್ ವರದಿ ತಡೆಹಿಡಿದು ಮರುಪರಿಶೀಲಿಸುವ ಬಗ್ಗೆ

ಮಾನ್ಯರೇ,

ಟಿಎಲ್‌ಡಿ ಬ್ಯಾಡ್ಜ್ ಎಂದರೆ ತೊಟ್ಟವರಿಗೆ ತಗುಲಿದ ವಿಕಿರಣದ ಪ್ರಮಾಣ (ಡೋಸ್) ಅಳೆಯುವ ಬ್ಯಾಡ್ಜ್. ನಮ್ಮ ಬ್ಯಾಡ್ಜುಗಳನ್ನು ಓದಿದ ನಿಮ್ಮ ವರದಿಯಲ್ಲಿ ಕ್ಯಾತ್‌ಲ್ಯಾಬ್, ಸಿಟಿ, ಸಾದಾ ಎಕ್ಸ್‌ರೇ ಎಂಬ ಭೇದವಿಲ್ಲದೆ ಎಲ್ಲರಿಗೂ 1.3ರಿಂದ 1.5 ಮಿಲಿಸೀವರ್ಟ್ (ಡೋಸಿನ ಅಳತೆ) ಬಂದಿದೆ. ಯಾರೂ ತೊಡದ ಒಂದು ಹೆಚ್ಚುವರಿ ಬ್ಯಾಡ್ಜಿಗೂ 1.35! ಅದು ಇಡೀ ಅವಧಿ ಕಂಟ್ರೋಲ್ ಬ್ಯಾಡ್ಜಿನ (ಹಿನ್ನೆಲೆ ವಿಕಿರಣ ಅಳೆದು ಉಳಿದವುಗಳ ಅಂಕಿಯಿಂದ ಕಳೆಯಲು ಇಡುವ ಬ್ಯಾಡ್ಜ್) ಪಕ್ಕದಲ್ಲೇ, ಎಕ್ಸ್‌ರೇ ಕೋಣೆಗಳಿಂದ ದೂರದ ಕಚೇರಿ ಬೀರುವಿನಲ್ಲಿತ್ತು. ಕೊರಿಯರ್‌ನಲ್ಲಿ ಹೋಗಿಬಂದದ್ದೂ ಒಂದೇ ಪೆಟ್ಟಿಗೆಯಲ್ಲಿ. ಹಿನ್ನೆಲೆ ವಿಕಿರಣವಾಗಲಿ, ದಾರಿಯಲ್ಲಿ ತಗುಲಿದ್ದಾಗಲಿ ಎರಡಕ್ಕೂ ಸಮ. ಕಂಟ್ರೋಲ್ ಕಳೆದ ಮೇಲೆ ಸೊನ್ನೆಯ ಆಸುಪಾಸು ಉಳಿಯಬೇಕಿತ್ತು. ಉಳಿದಿಲ್ಲವೆಂದರೆ ವ್ಯತ್ಯಾಸ ಹುಟ್ಟಿದ್ದು ನಿಮ್ಮಲ್ಲೇ, ಬ್ಯಾಡ್ಜಿನೊಳಗಿನ ಕಾರ್ಡ್ ಕಳಿಸುವ ಮುಂಚೆ ಇಲ್ಲವೇ ಓದುವಾಗ.

ನಮ್ಮ ಅನುಮಾನ ಅನೀಲಿಂಗ್ ಮೇಲೆ, ಅಂದರೆ ಕಾರ್ಡನ್ನು ಬಿಸಿ ಮಾಡಿ ಹಳೆಯ ಡೋಸ್ ಅಳಿಸುವ ಕೆಲಸದ ಮೇಲೆ. ಕಾರ್ಡಿನಲ್ಲಿರುವ, ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟ್‌ನ ಟೆಫ್ಲಾನ್ ಬಿಲ್ಲೆಗಳನ್ನು ಮತ್ತೆ ಹಂಚುವ ಮುಂಚೆ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ 4 ಗಂಟೆ ಇಡಬೇಕು. ಓವನ್‌ನಲ್ಲಿ ಕಾರ್ಡುಗಳನ್ನು ಒತ್ತೊತ್ತಾಗಿ ತುರುಕಿದರೆ ಅಥವಾ ಹೊತ್ತು ಮೊಟಕು ಮಾಡಿದರೆ, ವಿಕಿರಣ ತಗುಲಿದಾಗ ಹರಳಿನೊಳಗೆ ಸಿಕ್ಕಿಬಿದ್ದ ಎಲೆಕ್ಟ್ರಾನುಗಳು ಪೂರ್ತಿ ಬಿಡುಗಡೆಯಾಗುವುದಿಲ್ಲ. ಹಳೆಯ ಡೋಸ್ ಹೊಸಬರ ಹೆಸರಿಗೆ ಬೀಳುತ್ತದೆ. ಟೆಫ್ಲಾನ್ 327 ಡಿಗ್ರಿ ಹೊತ್ತಿಗೆ ಕರಗುವುದರಿಂದ ಶಾಖ ಏರಿಸಿ ಸಮಯ ಉಳಿಸುವ ಹಾಗೂ ಇಲ್ಲ.

ಇದನ್ನು ಪತ್ತೆಹಚ್ಚುವ ಅಂಕಿ ನಿಮ್ಮ ಕಂಪ್ಯೂಟರಿನಲ್ಲೇ ಇರಬೇಕು, ವರದಿಯಲ್ಲಿ ಕೊಟ್ಟಿಲ್ಲ ಅಷ್ಟೇ. ಕಾರ್ಡಿನ ಮೂರು ಬಿಲ್ಲೆಗಳಲ್ಲಿ ಒಂದು ತಾಮ್ರ–ಅಲ್ಯೂಮಿನಿಯಂ ಫಿಲ್ಟರಿನ ಕೆಳಗೆ, ಒಂದು ಪ್ಲಾಸ್ಟಿಕ್ಕಿನ ಕೆಳಗೆ, ಇನ್ನೊಂದು ತೆರೆದಿರುತ್ತದೆ. ನಮ್ಮಲ್ಲಿ ಗಾಮಾ ಕಿರಣ ಸೂಸುವ ಕೋಬಾಲ್ಟ್ ಯಂತ್ರವಿಲ್ಲ, ಇರುವುದು ಬರೀ ಎಕ್ಸ್‌ರೇ. 30 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಆಸುಪಾಸಿನ ಕಿರಣಕ್ಕೆ ಈ ಹರಳು ಗಾಮಾಗಿಂತ ಓದಲು ಬಿಸಿ ಮಾಡಿದಾಗ ಸುಮಾರು ಹತ್ತು ಪಟ್ಟು ಬೆಳಗುತ್ತದೆ, ಲೋಹದ ಕೆಳಗಿನ ಬಿಲ್ಲೆಗೆ ಅದರಲ್ಲಿ ತಲುಪುವುದು ಅಲ್ಪ. ಹಾಗಾಗಿ ನಮ್ಮ ಡೋಸ್ ನಿಜವಾದರೆ ಲೋಹದ ಕೆಳಗಿನದಕ್ಕಿಂತ ತೆರೆದ ಬಿಲ್ಲೆಯ ಅಂಕಿ ಎದ್ದು ಕಾಣಲೇಬೇಕು. ಮೂರೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಅದು ನಮ್ಮ ಯಂತ್ರಗಳ ಕಿರಣವಲ್ಲ. ನಿಮ್ಮಲ್ಲಿ ಕ್ಯಾಲಿಬ್ರೇಶನ್‌ಗೆ (ಅಳತೆ ಸರಿಹೊಂದಿಸಲು) ಗಾಮಾ ಕೊಟ್ಟ ಕಾರ್ಡುಗಳು ಸರಿಯಾಗಿ ಅಳಿಯದೆ ಹಂಚಿಕೆಗೆ ಸೇರಿರಬಹುದು. ಗ್ಲೋ ಕರ್ವ್‌ನಲ್ಲಿ (ಬಿಸಿ ಮಾಡುತ್ತಾ ಹೋದಂತೆ ಬಿಲ್ಲೆ ಸೂಸುವ ಬೆಳಕಿನ ನಕ್ಷೆ) ಏರಿ ಇಳಿಯುವ ಶಿಖರವೇ ಕಾಣದೆ ಗೆರೆ ಕೊನೆಯವರೆಗೂ ಮೇಲೇ ನಿಂತಿದ್ದರೆ ಅದು ಡೋಸೇ ಅಲ್ಲ, ಬಿಲ್ಲೆಯ ಕೊಳೆ ಅಥವಾ ಕಾರ್ಡ್ ಓದುವ ಯಂತ್ರವಾದ ರೀಡರಿನ ದೋಷ. (ಎರಡು ಕಾರ್ಡುಗಳ ಕಾಗದದ ಹೊದಿಕೆ ಮೂಲೆಯಲ್ಲಿ ಹರಿದೇ ಬಂದಿತ್ತು, ಕೊಳೆ ಅಲ್ಲಿಂದ ಸೇರಿರಬಹುದು.) ನಾವು ಸರಿಯಾದ ಬದಿ ತಿಳಿಯಲು ಇರುವ ಕಾರ್ಡುಗಳ ಕಚ್ಚು ನೋಡಿಯೇ ಹೋಲ್ಡರಿಗೆ ಹಾಕಿದ್ದೇವೆ, ತಿರುವುಮುರುವಾದರೂ ಬೀರುವಿನಲ್ಲಿದ್ದ ಕಾರ್ಡಿಗೆ ಡೋಸ್ ಹುಟ್ಟುವುದಿಲ್ಲ.

ವರ್ಷದ ಮಿತಿ 30, ಐದು ವರ್ಷದ ಸರಾಸರಿ 20 ಮಿಲಿಸೀವರ್ಟ್ ಇರುವಾಗ 1.35 ಯಾವ ಲೆಕ್ಕ ಎನ್ನಬೇಡಿ. ಈ ಅಂಕಿ ಕೆಲಸಗಾರರ ಜೀವಮಾನದ ದಾಖಲೆಗೆ ಸೇರುತ್ತದೆ. ವಿಕಿರಣ ತಡೆಯುವ ಏಪ್ರನ್ ಬಿರುಕು ಬಿಟ್ಟು ನಿಜವಾಗಿ ಡೋಸ್ ತಗುಲಿದವರು ಈ ಸುಳ್ಳು ಅಂಕಿಗಳ ನಡುವೆ ಕಾಣದೇ ಹೋಗುತ್ತಾರೆ.

ಓದಿದ ಮೇಲೆ ಬಿಲ್ಲೆಯ ಸಂಕೇತ ಅಳಿಯುವುದರಿಂದ ಗ್ಲೋ ಕರ್ವ್ ಕಡತಗಳೇ ಮುಖ್ಯ ಸಾಕ್ಷಿ, ಅವನ್ನು ಅಳಿಸಬೇಡಿ. ಕಂಟ್ರೋಲ್ ಸೇರಿ ಎಲ್ಲ ಕಾರ್ಡುಗಳ ಮೂರೂ ಬಿಲ್ಲೆಗಳ ಅಂಕಿ, ಗ್ಲೋ ಕರ್ವ್, ಆ ಕಂತಿನ ಅನೀಲಿಂಗ್ ದಾಖಲೆಯನ್ನು 15 ದಿನದೊಳಗೆ ಕಳಿಸಿ. ಅಲ್ಲಿಯವರೆಗೆ ಇದೇ ಕಾರ್ಡುಗಳನ್ನು ಬೇರೆಯವರಿಗೆ ಹಂಚಬೇಡಿ, ಈ ಡೋಸುಗಳನ್ನು ಅಂತಿಮವಾಗಿ ದಾಖಲಿಸಬೇಡಿ.

ಇಂತಿ,
ವಿಕಿರಣ ಸುರಕ್ಷತಾ ಅಧಿಕಾರಿ ಮತ್ತು ತಂತ್ರಜ್ಞರು