ಅಪ್ಪ ಮನೆಗೆ ಬಂದರು

ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮುಗಿಸಿಕೊಂಡು ಅಪ್ಪ ಈಗ ಮಂಡ್ಯದ ಮನೆಯಲ್ಲಿದ್ದಾರೆ. ಕೋಲು ಹಿಡಿದು ಜಗಲಿಯವರೆಗೆ ನಡೆಯುತ್ತಾರೆ. ಮುದ್ದೆ, ಉಪ್ಸಾರು ಕೇಳಿ ಹಾಕಿಸಿಕೊಂಡು ಉಣ್ಣುತ್ತಾರೆ. ಏನಾಯಿತು, ಹೇಗಾಯಿತು ಎಂಬುದು ನಿಮಗೆಲ್ಲ ಗೊತ್ತೇ ಇದೆ. ಅದನ್ನು ಮತ್ತೆ ಬರೆಯುವುದಿಲ್ಲ.

ರಕ್ತ ಕೊಟ್ಟ ಹುಡುಗರು, ಮೈಸೂರಿಗೆ ಊಟದ ಕ್ಯಾರಿಯರ್ ತಂದ ಅತ್ತಿಗೆ, ಹಸು ನೋಡಿಕೊಂಡ ಪಕ್ಕದ ಮನೆಯವರು, ಡಾಕ್ಟರು, ಸಿಸ್ಟರ್‌ಗಳು, ನಿಮ್ಮೆಲ್ಲರ ಋಣ ನಮ್ಮ ಮೇಲಿದೆ. ಆದರೆ ನಾನು ಮುಖ್ಯವಾಗಿ ಹೇಳಬೇಕಿರುವುದು ರಾತ್ರಿ ಪಾಳಿಯ ಆಯಾ ಒಬ್ಬರ ಬಗ್ಗೆ. ವಾರ್ಡಿನಲ್ಲಿ ಎಲ್ಲರಿಗೂ ಅವರು ಅಕ್ಕ.

ಆಪರೇಷನ್ ಆದ ಮಾರನೇ ರಾತ್ರಿ ಅಪ್ಪನಿಗೆ ನಮ್ಮ ಗುರುತೇ ಸಿಗಲಿಲ್ಲ. ವಯಸ್ಸಾದವರಿಗೆ ಆಸ್ಪತ್ರೆಯಲ್ಲಿ ಹೀಗಾಗುವುದುಂಟು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಜಾಗ ಹೊಸದು, ನೋವು, ನಿದ್ದೆ ಇಲ್ಲ. ಕನ್ನಡಕ, ಕಿವಿ ಮಿಷನ್ ಎರಡನ್ನೂ ತೆಗೆದಿಟ್ಟಿರುತ್ತಾರೆ. ಕತ್ತಲಾದಂತೆ ಗೊಂದಲ ಜಾಸ್ತಿಯಾಗುತ್ತದಂತೆ. ಆದರೂ ಹೆತ್ತ ಅಪ್ಪನನ್ನು ಹಾಗೆ ನೋಡುವುದು ಬಹಳ ಕಷ್ಟ. ಡ್ರಿಪ್ ಸೂಜಿ ಕಿತ್ತು ಎದ್ದು ಕೂತರು. "ನೀರು ಬಿಟ್ಟವ್ರೆ, ಗದ್ದೆಗೆ ಕಟ್ಬೇಕು, ಬುಡ್ರೋ ನನ್ನ" ಎಂದು ಕೂಗಿದರು. "ಅಪ್ಪಾ, ಇದು ಆಸ್ಪತ್ರೆ" ಎಂದಷ್ಟೂ ಸಿಟ್ಟು ಏರಿತು. ಕೈ ಕಟ್ಟಿಹಾಕಿ ಎಂದು ಯಾರೋ ಹೇಳಿದರು.

ಅಕ್ಕ ಬಂದವರೇ ಅಪ್ಪನ ಕಿವಿಗೆ ಮಿಷನ್ ಹಾಕಿದರು, ಕನ್ನಡಕ ಹಾಕಿದರು. ಸ್ಟೂಲ್ ಎಳೆದುಕೊಂಡು ಎದುರಿಗೆ ಕೂತರು.

"ಯಾವ ನಾಲೆ ಗದ್ದೆ ಯಜಮಾನ್ರೇ?"

"ವಿ.ಸಿ. ನಾಲೆದು ಕಣವ್ವ."

"ಕಟ್ಟೇಲಿ ನೀರು ಎಷ್ಟದೆ?"

ಅಪ್ಪ ತುಂಬ ಹೊತ್ತು ಸುಮ್ಮನಿದ್ದರು. ಅಕ್ಕ ಕಾದರು. "ನೂರಿಪ್ಪತ್ನಾಲ್ಕು ದಾಟದೆ."

ವಿ.ಸಿ. ನಾಲೆಗೆ, ಅಂದರೆ ವಿಶ್ವೇಶ್ವರಯ್ಯ ನಾಲೆಗೆ, ನೀರು ಬರುವುದು ಕನ್ನಂಬಾಡಿ ಕಟ್ಟೆಯಿಂದ, ಅದೇ ಕೆ.ಆರ್.ಎಸ್. ಅಣೆಕಟ್ಟು. ಅದು ತುಂಬಿದರೆ 124.80 ಅಡಿ. ನಮ್ಮ ಕಡೆಯ ರೈತರಿಗೆ ಅದಕ್ಕಿಂತ ನೆಮ್ಮದಿಯ ಲೆಕ್ಕ ಇನ್ನೊಂದಿಲ್ಲ. "ಹಂಗಾದ್ರೆ ನೀರೆಲ್ಲೂ ಓಡೋಗಕಿಲ್ಲ, ಬೆಳಗಾಗ್ಲಿ" ಎಂದರು ಅಕ್ಕ. ಅಪ್ಪ ದಿಂಬಿಗೆ ಒರಗಿದರು.

ಆಮೇಲೂ ಅಕ್ಕ ನಡುನಡುವೆ ಬೇರೆ ಹಾಸಿಗೆ ನೋಡಿಕೊಂಡು ಬಂದು ಅಲ್ಲೇ ಕೂರುತ್ತಿದ್ದರು. ನಾಟಿಯ ಮಾತು, ಮೈಶುಗರ್ ಕಾರ್ಖಾನೆಗೆ ಎತ್ತಿನ ಗಾಡಿಯಲ್ಲಿ ಕಬ್ಬು ಹೊಡೆದ ಮಾತು. ಹಾಗೇ ಮಾತು ಅವ್ವನ ಕಡೆಗೆ ಹೊರಳಿತು. ಅವ್ವ ತೀರಿಕೊಂಡ ರಾತ್ರಿ ಅಪ್ಪ ಮನೆಯಲ್ಲಿರಲಿಲ್ಲ, ಗದ್ದೆಗೆ ನೀರು ಕಟ್ಟುತ್ತಿದ್ದರು. ಇಷ್ಟು ವರ್ಷದಲ್ಲಿ ಮಕ್ಕಳ ಮುಂದೆ ಒಂದು ಸಲವೂ ಅದನ್ನು ಆಡಿರಲಿಲ್ಲ. "ನಾನು ಬರೋವರ್ಗೂ ಕಾಯ್ನಿಲ್ಲ ಕಣವ್ವ ಅವ್ಳು" ಎಂದರು. ನಾನು ಗೋಡೆ ಕಡೆ ತಿರುಗಿ ಅತ್ತುಬಿಟ್ಟೆ. ಅಕ್ಕ ಸಮಾಧಾನದ ಮಾತು ಏನನ್ನೂ ಹೇಳಲಿಲ್ಲ. ಅಪ್ಪನ ಕೈ ಹಿಡಿದು "ಅವ್ರ ಹೆಸರೇನು?" ಎಂದು ಕೇಳಿದರು. ಅಪ್ಪ ಅವ್ವನ ಹೆಸರು ಹೇಳಿದರು. ಬೆಳಗಿನ ಜಾವ ನಿದ್ದೆ ಹತ್ತಿತು. ಮುಂದೆ ಒಂದೊಂದಾಗಿ ನಮ್ಮ ಹೆಸರುಗಳೂ ಅವರ ನೆನಪಿಗೆ ಬಂದವು.

ಅಕ್ಕ, ನಿಮ್ಮಷ್ಟು ಚೆನ್ನಾಗಿ ಅಪ್ಪನ ಮಾತು ಕೇಳಿಸಿಕೊಂಡವರನ್ನು ನಾನು ನೋಡಿಲ್ಲ. ಮನೆ ಹಬ್ಬಕ್ಕೆ ಬರಲೇಬೇಕು.

ಅಪ್ಪನನ್ನು ನೋಡಲು ಬರುವವರಿಗೆ ಒಂದು ಮಾತು. ಬೆಳಗ್ಗೆ ಹೊತ್ತು ಬನ್ನಿ, ಸಂಜೆಗೆ ಅವರು ದಣಿದಿರುತ್ತಾರೆ. "ನಾನ್ಯಾರು ಹೇಳಿ ನೋಡೋಣ" ಎಂದು ಪರೀಕ್ಷೆ ಮಾಡಬೇಡಿ, ನೀವೇ ಹೆಸರು ಹೇಳಿ ಎದುರಿಗೆ ಕೂತುಕೊಳ್ಳಿ. ಗದ್ದೆ ವಿಷಯ ತೆಗೆದರೆ ಬೇಗ ಬಿಡುವುದಿಲ್ಲ, ಊಟಕ್ಕೆ ನಿಲ್ಲುವ ಹಾಗೇ ಬನ್ನಿ.