ಅಳಿಸಿದ ಗೆರೆಗಳಿಗೊಂದು ವಂದನೆ

ಮಂಗಳೂರು–ಉಡುಪಿ ನಡುವಣ ಕರಾವಳಿಯ ಲಿನಿಯಮೆಂಟ್ ನಕ್ಷೆ, ಅಂದರೆ ನೆಲದಡಿಯ ಬಂಡೆಯ ಬಿರುಕುಗಳನ್ನು ಸೂಚಿಸುವ ಗೆರೆಗಳ ನಕ್ಷೆ, ಕಡೆಗೂ ಮುಗಿಯಿತು. ಮೂಲ್ಕಿಯಿಂದ ಪೂರ್ವ ಕರಾವಳಿಯ ಪುಲಿಕಾಟ್‌ವರೆಗೆ, 13 ಡಿಗ್ರಿ ಅಕ್ಷಾಂಶದ ಗುಂಟ ನೆಲ ಉಬ್ಬುತ್ತಿದೆ ಎಂದು 1990ರ ದಶಕದಲ್ಲಿ ವಾದಿಸಿದ ಪ್ರೊ. ಕೆ.ಆರ್. ಸುಬ್ರಹ್ಮಣ್ಯ ಅವರಿಂದಲೇ ಇಲ್ಲಿನ ಬಿರುಕುಗಳ ಪ್ರಶ್ನೆ ನಮಗೆ ಬಂದದ್ದು. ಮೊದಲ ಋಣ ಅಲ್ಲಿಗೆ. ಉಳಿದದ್ದೆಲ್ಲ ಬಿರುಕೆಂದು ನಾವು ತಪ್ಪಾಗಿ ಎಳೆದ ಗೆರೆಗಳನ್ನು ಅಳಿಸಿದವರಿಗೆ.

ಸೆಂಟಿನೆಲ್-2 ಉಪಗ್ರಹದ, ಒಂದು ಚುಕ್ಕಿಗೆ 10 ಮೀಟರ್ ನೆಲ ಕಾಣುವ ಚಿತ್ರದಲ್ಲಿ ಹೈಟೆನ್ಶನ್ ಲೈನಿನಡಿ ಮರ ಕಡಿದ ಪಟ್ಟಿಯೂ ಬಿರುಕಿನಂತೆಯೇ ಕಾಣುತ್ತದೆ, ಹಳೆಯ ಅಗಳಿನ (ತೋಡಿದ ಕಂದಕದ) ಅಂಚಿನ ಮರಸಾಲೂ ಅಷ್ಟೇ. ಯಾವುದು ಅಗಳು, ಯಾವುದು ತೋಡು (ಸಣ್ಣ ಹಳ್ಳ) ಎಂದು ನಡೆಸಿಕೊಂಡು ಹೋಗಿ ತೋರಿಸಿದ ತೋಟದವರಿಗೆ ವಂದನೆ.

ದೊಡ್ಡ ಉಪಕಾರ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ, ಲ್ಯಾಟರೈಟ್) ಕೋರೆಯವರದು. ಇಲ್ಲಿ ಮೂಲ ಬಂಡೆ ಮುರಕಲ್ಲಿನಡಿ ಅಡಗಿದೆ. ಕೋರೆಯ ನೆಟ್ಟನೆ ಗೋಡೆಯಲ್ಲಿ ಕೆಂಪು ಮುಗಿದು ಬಿಳಿ ಶೇಡಿಮಣ್ಣು (ಬಂಡೆ ಕೊಳೆತಾದ ಜೇಡಿ) ಶುರುವಾಗುವಲ್ಲಿ ಮಾತ್ರ ಹಳೆಯ ಬಿರುಕು ತೆಳು ಪಟ್ಟೆಯಾಗಿ ಸಿಗುತ್ತದೆ. ಕಟ್ಟಿಂಗ್ ಮೆಷಿನ್ನಿನ ಗೀರು ಕಲ್ಲಿನ ಅಳತೆಗೆ ತಕ್ಕಂತೆ ಒಂದೇ ಅಂತರದಲ್ಲಿ ಬರುತ್ತದೆ. ಬಿರುಕು ಹಾಗಲ್ಲ, ಶೇಡಿಮಣ್ಣಿಗೂ ಇಳಿಯುತ್ತದೆ. ಈ ಗುರುತು ಹೇಳಿಕೊಟ್ಟವರು ಕಲ್ಲು ಕೊಯ್ಯುವವರೇ. ಕಬ್ಬಿಣ ಹತ್ತಿರವಿದ್ದರೆ ದಿಕ್ಸೂಚಿಯ ಮುಳ್ಳು ವಾಲುತ್ತದೆಂದು ಮೆಷಿನ್ನನ್ನೇ ದೂರ ಸರಿಸಿದರು. ಕೆಲಸದ ಹೊತ್ತಿನಲ್ಲಿ ಅದು ಸಣ್ಣ ಮಾತಲ್ಲ.

ಬೋರ್‌ವೆಲ್ ರಿಗ್ಗಿನವರು ಕೊಟ್ಟ, ಸಡಿಲ ಮಣ್ಣು ಕುಸಿಯದಂತೆ ಗಟ್ಟಿ ಬಂಡೆಯವರೆಗೆ ಇಳಿಸುವ ಕೇಸಿಂಗ್ ಪೈಪಿನ ಲೆಕ್ಕ ಚಿನ್ನದಂಥದ್ದು. ಅಕ್ಕಪಕ್ಕಕ್ಕಿಂತ ಒಂದು ಕಡೆ ಪೈಪು ತುಂಬ ಆಳಕ್ಕೆ ಇಳಿದಿದ್ದರೆ ಅಲ್ಲಿ ಬಂಡೆ ಒಡೆದು ಕೊಳೆತಿರುವ ಸಾಧ್ಯತೆ ಹೆಚ್ಚು.

ನಮ್ಮ ವಿದ್ಯಾರ್ಥಿಗಳು ನೆಲದ ಏರಿಳಿತಕ್ಕೆ ಕಂಪ್ಯೂಟರಿನಲ್ಲಿ ಓರೆ ಬೆಳಕು ಬಿಟ್ಟು ಮಾಡುವ ನೆರಳುಚಿತ್ರ, ಅಂದರೆ ಹಿಲ್‌ಶೇಡನ್ನು 0, 45, 90, 135 ಡಿಗ್ರಿ ದಿಕ್ಕಿನ ಬೆಳಕಿನಲ್ಲಿ ಬೇರೆಬೇರೆಯಾಗಿ ಇಟ್ಟು ಗೆರೆಗಳನ್ನು ಗುರುತಿಸಿದರು. ಸಾಫ್ಟ್‌ವೇರಿನ ರೂಢಿಯ 315 ಡಿಗ್ರಿಯೊಂದನ್ನೇ (ವಾಯವ್ಯದ ಬೆಳಕು) ನಂಬಿದರೆ ವಾಯವ್ಯ–ಆಗ್ನೇಯ ಗೆರೆಗಳು ಬೆಳಕಿಗೆ ಸಮಾನಾಂತರವಾಗಿ ಮಾಯವಾಗುತ್ತವೆ. ಇಳಿಜಾರು ಕಡಿಮೆಯಿರುವಲ್ಲಿ ಬೆಳಕಿನ ಎತ್ತರವನ್ನು 45ರಿಂದ 30 ಡಿಗ್ರಿಗೆ ತಗ್ಗಿಸಬೇಕು. ಬೇಸರದ ಕೆಲಸ, ಯಾರೂ ಗೊಣಗಲಿಲ್ಲ.

ಇಳಿತದ ಹೊತ್ತು ನೋಡಿ ಸೇಂಟ್ ಮೇರೀಸ್ ದ್ವೀಪಕ್ಕೆ ಕರೆದೊಯ್ದ ಮಲ್ಪೆಯ ದೋಣಿಯವರನ್ನು ಮರೆಯುವಂತಿಲ್ಲ. ಹಲವರು ಬಸಾಲ್ಟ್ ಎನ್ನುವ ಆ ಕಂಬಗಳು ಸುಮಾರು 8.8 ಕೋಟಿ ವರ್ಷದ ಹಿಂದಿನ, ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದ, ಬಸಾಲ್ಟಿಗಿಂತ ಸಿಲಿಕಾ ಹೆಚ್ಚಿರುವ ರಯೋಲೈಟ್–ಡೇಸೈಟ್ ಬಗೆಯ ಲಾವಾ. ಕಂಬಗಳ ಸೀಳು ಲಾವಾ ಆರುವಾಗ ಆದದ್ದು; ಅದನ್ನು ಬಿರುಕುಗಳ ಲೆಕ್ಕಕ್ಕೆ ಸೇರಿಸಿದರೆ ಬಿರುಕುಗಳ ದಿಕ್ಕಿನ ಚಿತ್ರವೇ ಕೆಡುತ್ತದೆ.

ಕೋರೆಯವರಲ್ಲಿ ಇನ್ನೊಂದು ವಿನಂತಿ: ಹಳೆಯ ಹೊಂಡಕ್ಕೆ ಮಣ್ಣು ತುಂಬುವ ಮೊದಲು ಗೋಡೆಯ ಫೋಟೋ ಒಂದು ತೆಗೆದಿಡಿ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು.